ಆಜ್ಞೆಗಳ ಗಿಣಿಪಾಠ

ಬೆಂಗಳೂರಿನ ಮಾರತ್ತಹಳ್ಳಿಯಲ್ಲೋ ಬಿ.ಟಿ.ಎಂ. ಬಡಾವಣೆಯಲ್ಲೋ ಒಮ್ಮೆ ಅಡ್ಡಾಡಿ ಬಂದವರಿಗೆ ಕಂಪ್ಯೂಟರ್ ತರಬೇತಿ ಕೇಂದ್ರಗಳ ಫಲಕಗಳ ಪರಿಚಯ ಮಾಡಿಕೊಡಬೇಕಾಗಿಲ್ಲ. ಕೆಲವೇ ವಾರಗಳಲ್ಲಿ ಲಿನಕ್ಸ್, ಅದರ ಬೆನ್ನಿಗೇ ನೌಕರಿ ಎಂಬ ಧಾಟಿಯ ಮಾತನ್ನು ನಂಬಿ ಎಷ್ಟೋ ಮಂದಿ ತಂದೆತಾಯಂದಿರು ಮಗನಿಗೋ ಮಗಳಿಗೋ ಹಣ ಕಟ್ಟುತ್ತಾರೆ. ಹಣ ಕಟ್ಟುವುದು ತಪ್ಪಲ್ಲ. ಅದಕ್ಕೆ ಪ್ರತಿಯಾಗಿ ಬರುವ ಸರಕು ಯಾವುದೆಂದು ಕೇಳದಿರುವುದು ತಪ್ಪು. ಅನೇಕ ಕಡೆ ಬರುವುದು ಇಷ್ಟೇ: ನೂರಿನ್ನೂರು ಆಜ್ಞೆಗಳ ಒಂದು ಪಟ್ಟಿ, ಸಂದರ್ಶನದಲ್ಲಿ ಕೇಳಬಹುದಾದ ಪ್ರಶ್ನೆಗಳ ಇನ್ನೊಂದು ಪಟ್ಟಿ, ಕೊನೆಗೊಂದು ಪ್ರಮಾಣಪತ್ರ. ಇದನ್ನು ಸಿಸ್ಟಂ ಅಡ್ಮಿನಿಸ್ಟ್ರೇಷನ್ ಕಲಿತದ್ದು ಎನ್ನುವುದಾದರೆ, ದಿನಸಿ ಚೀಟಿಯನ್ನು ಬಾಯಿಪಾಠ ಮಾಡಿದವನನ್ನು ಅಡಿಗೆಯವನೆಂದು ಕರೆಯಬೇಕಾದೀತು.

ಇದು ಕಂಪ್ಯೂಟರಿನವರ ಮನೆವಾರ್ತೆ, ನಮಗೇಕೆ ಎಂದು ಓದುಗರು ಪುಟ ಮಗುಚಬಾರದು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು 1969ರಲ್ಲಿ ಆರಂಭಿಸಿದ್ದು ಯೂನಿಕ್ಸ್. ಅದರ ಮಾದರಿಯಲ್ಲಿ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಹೊರತಂದದ್ದು ಲಿನಕ್ಸ್. ಈ ವಂಶದ ವ್ಯವಸ್ಥೆಗಳೇ ಇಂದು ಜಗತ್ತಿನ ಬಹುಪಾಲು ಜಾಲತಾಣಗಳನ್ನು ನಡೆಸುತ್ತಿವೆ. ಆಂಡ್ರಾಯ್ಡ್ ಫೋನಿನ ತಿರುಳೂ ಲಿನಕ್ಸೇ. ನಮ್ಮ ಪತ್ರ, ಚಿತ್ರ, ಲೆಕ್ಕಗಳೆಲ್ಲ ಎಲ್ಲೋ ಒಂದೆಡೆ ಇಂಥ ಯಂತ್ರಗಳಲ್ಲಿವೆ. ಅವುಗಳ ಬೀಗದ ಕೈ ಯಾರೋ ಒಬ್ಬ ನಿರ್ವಾಹಕನ ಬಳಿ ಇದೆ. ಅವನು ಕಲಿತದ್ದೇನು ಎಂಬುದು ನಮ್ಮೆಲ್ಲರ ಪ್ರಶ್ನೆ.

ಗಿಣಿಪಾಠದ ಫಲ ಎಂಥದೆಂಬುದಕ್ಕೆ ಒಂದು ಚಿಕ್ಕ ಉದಾಹರಣೆ ಸಾಕು. ಯೂನಿಕ್ಸಿನಲ್ಲಿ ಪ್ರತಿಯೊಂದು ಕಡತಕ್ಕೂ ಒಡೆಯ, ಬಳಗ, ಇತರರು ಎಂಬ ಮೂರು ಪಂಗಡದವರ ಹಕ್ಕುಗಳನ್ನು ಬೇರೆಬೇರೆಯಾಗಿ ಗೊತ್ತುಮಾಡಿರುತ್ತದೆ. ಓದುವ ಹಕ್ಕಿಗೆ 4, ಬರೆಯುವ ಹಕ್ಕಿಗೆ 2, ನಡೆಸುವ ಹಕ್ಕಿಗೆ 1. ಮೂರೂ ಕೂಡಿದರೆ 7. ಒಂದು ಪ್ರೋಗ್ರಾಂ 'ಅನುಮತಿಯಿಲ್ಲ' ಎಂದು ನಿಂತುಬಿಟ್ಟಿತೆನ್ನೋಣ. ತಿಳಿದವನು ಆ ಪ್ರೋಗ್ರಾಂ ಯಾರ ಹೆಸರಿನಲ್ಲಿ ನಡೆಯುತ್ತಿದೆ, ಕಡತ ಯಾರದು, ಅದನ್ನಿಟ್ಟಿರುವ ಕೋಶಕ್ಕೆ ಪ್ರವೇಶವುಂಟೆ ಎಂದು ಒಂದೊಂದಾಗಿ ನೋಡುತ್ತಾನೆ. ಪಾಠ ಒಪ್ಪಿಸಿ ಬಂದವನು 'ಸಿಎಚ್‌ಮಾಡ್ 777' ಎಂದು ಹೊಡೆದು ಮೂವರಿಗೂ ಮೂರು ಹಕ್ಕುಗಳನ್ನು ಧಾರೆಯೆರೆಯುತ್ತಾನೆ. ಪ್ರೋಗ್ರಾಂ ನಡೆಯುತ್ತದೆ, ಮೇಲಧಿಕಾರಿ ಮೆಚ್ಚುತ್ತಾನೆ. ಬೀಗ ಕೈಕೊಟ್ಟಿತೆಂದು ಬಾಗಿಲನ್ನೇ ಕಿತ್ತಿಟ್ಟಿರುವುದು ಕಳ್ಳ ಬರುವವರೆಗೆ ಯಾರಿಗೂ ತಿಳಿಯುವುದಿಲ್ಲ.

ಇದಕ್ಕಿಂತ ದೊಡ್ಡ ಪಾಠ 2017ರ ಜನವರಿ 31ರದು. ಪ್ರೋಗ್ರಾಂಗಳ ಮೂಲಪಠ್ಯವನ್ನು ಕಾಪಿಡುವ ಗಿಟ್‌ಲ್ಯಾಬ್ ಎಂಬ ಸಂಸ್ಥೆಯಲ್ಲಿ ದತ್ತಾಂಶದ ಮುಖ್ಯ ಯಂತ್ರವೊಂದು, ಅದರ ನಕಲು ಯಂತ್ರ ಇನ್ನೊಂದು ಇದ್ದುವು. ಹಿಂದೆ ಬಿದ್ದಿದ್ದ ನಕಲನ್ನು ಬರಿದುಮಾಡಿ ಹೊಸದಾಗಿ ತುಂಬಿಸಬೇಕೆಂದು ಹೊರಟ ಎಂಜಿನಿಯರರು ಅಳಿಸುವ ಆಜ್ಞೆಯನ್ನು ಮುಖ್ಯ ಯಂತ್ರದ ಮೇಲೆ ಕೊಟ್ಟುಬಿಟ್ಟರು. ಒಂದೆರಡು ಕ್ಷಣಗಳಲ್ಲಿ ತಡೆದರೂ ಸುಮಾರು 300 ಗಿಗಾಬೈಟಿನಲ್ಲಿ ಉಳಿದದ್ದು 4.5. ಆಜ್ಞೆ ಸರಿಯಾಗಿಯೇ ಇತ್ತು; ಕೊಟ್ಟ ಜಾಗ ತಪ್ಪಿತ್ತು. ಹಾಗಾದರೆ ಬ್ಯಾಕಪ್ ಇರಲಿಲ್ಲವೆ? ಐದು ಬಗೆಯ ಏರ್ಪಾಡುಗಳಿದ್ದುವು. ನೆಚ್ಚಿಕೊಳ್ಳುವಂಥದು ಒಂದೂ ಇರಲಿಲ್ಲ. ದಿನಕ್ಕೊಮ್ಮೆ ಆಗಬೇಕಾದ ಬ್ಯಾಕಪ್, ಪ್ರೋಗ್ರಾಮಿನ ಆವೃತ್ತಿ ಹೊಂದದೆ ಸದ್ದಿಲ್ಲದೆ ಸೋಲುತ್ತಿತ್ತು. ಆ ಸುದ್ದಿ ಹೊತ್ತ ಮಿಂಚಂಚೆಗಳು ತಿರಸ್ಕೃತವಾಗಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಬೇರೊಂದು ಕೆಲಸಕ್ಕೆಂದು ಸುಮಾರು 6 ಗಂಟೆ ಮೊದಲು ಕೈಯಾರೆ ತೆಗೆದಿದ್ದ ಪ್ರತಿಯೊಂದು ಮಾನ ಉಳಿಸಿತು. ಆ 6 ಗಂಟೆಗಳ ದತ್ತಾಂಶ ಮಾತ್ರ ಮರಳಲಿಲ್ಲ. ನಡೆದದ್ದನ್ನು ಮುಚ್ಚಿಡದೆ ಸಂಸ್ಥೆಯೇ ಪ್ರಕಟಿಸಿದ್ದರಿಂದ ಇಷ್ಟೆಲ್ಲ ನಮಗೆ ತಿಳಿದಿದೆ.

ಅನುಭವಸ್ಥರಿರುವ ಕಡೆಯೇ ಹೀಗಾದರೆ ಪಟ್ಟಿ ಹಿಡಿದು ಬಂದವರ ಪಾಡೇನು? ಬ್ಯಾಕಪ್ ತೆಗೆಯುವ ಆಜ್ಞೆಯನ್ನು ಯಾವ ತರಗತಿಯಲ್ಲಾದರೂ ಹೇಳಿಕೊಟ್ಟಾರು. ತೆಗೆದದ್ದನ್ನು ಮರಳಿ ತುಂಬಿಸಿ ನೋಡು, ಆಮೇಲೆ ಅದನ್ನು ಬ್ಯಾಕಪ್ ಎಂದು ಕರೆ ಎನ್ನುವ ಗುರು ಎಲ್ಲಿದ್ದಾನೆ?

ಸರಿಯಾಗಿ ಕಲಿಯುವುದು ದುಬಾರಿ ಬಾಬತ್ತೇನೂ ಅಲ್ಲ. ಲಿನಕ್ಸ್ ಉಚಿತ, 1993ರಲ್ಲಿ ಹುಟ್ಟಿದ ಫ್ರೀಬಿಎಸ್‌ಡಿ ಉಚಿತ, ಅದರ ವಿಸ್ತಾರವಾದ ಕೈಪಿಡಿಯೂ ಉಚಿತ. ಅಟ್ಟ ಸೇರಿರುವ ಹಳೆಯ ಕಂಪ್ಯೂಟರ್ ಇದ್ದರೆ ಸಾಕು. ವಿದ್ಯಾರ್ಥಿ ಅದರಲ್ಲಿ ವ್ಯವಸ್ಥೆಯನ್ನು ಸ್ಥಾಪಿಸಲಿ, ಬೇಕೆಂದೇ ಕೆಡಿಸಲಿ, ಯಾಕೆ ಕೆಟ್ಟಿತೆಂದು ದಾಖಲೆಯ ಕಡತಗಳನ್ನು ಓದಿ ಕಂಡುಕೊಳ್ಳಲಿ, ಡಿಸ್ಕು ತುಂಬಿದಾಗ ಏನೇನು ನಿಂತುಹೋಗುವುದೆಂದು ನೋಡಲಿ, ಎಲ್ಲವನ್ನೂ ಅಳಿಸಿ ಬ್ಯಾಕಪ್ಪಿನಿಂದ ಮತ್ತೆ ಎಬ್ಬಿಸಲಿ. ನೀರಿಗಿಳಿಯದೆ ಈಜು ಬರುವುದಿಲ್ಲ. ಸಂದೇಹ ಬಂದಲ್ಲಿ 'ಮ್ಯಾನ್' ಎಂದು ಬರೆದು ಯಂತ್ರದೊಳಗಿನ ಕೈಪಿಡಿಯನ್ನೇ ತೆರೆಯಲಿ. 1971ರ ನವೆಂಬರ್ 3ರ ದಿನಾಂಕ ಹೊತ್ತ ಯೂನಿಕ್ಸಿನ ಮೊದಲ ಕೈಪಿಡಿಯಲ್ಲೇ ಆಜ್ಞೆಗಳ ಕುಂದುಗಳನ್ನು ಹೇಳಲು ಬೇರೆಯೇ ವಿಭಾಗವಿತ್ತು. ತನ್ನ ದೋಷವನ್ನು ತಾನೇ ಬರೆದಿಟ್ಟ ಪುಸ್ತಕಕ್ಕಿಂತ ಒಳ್ಳೆಯ ಗುರು ಯಾರು?

ಕೈಪಿಡಿ ಇಂಗ್ಲಿಷಿನಲ್ಲಿದೆ, ಕನ್ನಡ ಮಾಧ್ಯಮದ ಮಕ್ಕಳಿಗೆ ಕಷ್ಟ, ಆದ್ದರಿಂದ ಪಟ್ಟಿಯೇ ಲೇಸು ಎಂಬ ಆಕ್ಷೇಪವುಂಟು. ಕಷ್ಟವೇನೋ ನಿಜ, ಪರಿಹಾರ ಮಾತ್ರ ತಲೆಕೆಳಗು. ಒಡೆಯ, ಬಳಗ, ಇತರರು ಎಂದು ಕನ್ನಡದಲ್ಲಿ ಅರ್ಥಮಾಡಿಸಿದರೆ ಇಂಗ್ಲಿಷಿನ ಪುಟ ತಾನಾಗಿ ಬಿಚ್ಚಿಕೊಳ್ಳುತ್ತದೆ. ಅರ್ಥವಿಲ್ಲದ ಪಟ್ಟಿ ಯಾವ ಭಾಷೆಯಲ್ಲಿದ್ದರೂ ಪುಸ್ತಕದ ಬದನೆಕಾಯಿಯೇ.

ನೌಕರಿಗೆ ಪ್ರಮಾಣಪತ್ರ ಬೇಕಲ್ಲ ಎನ್ನುವವರು ಪರೀಕ್ಷೆಯನ್ನೇ ನೋಡಬೇಕು. ರೆಡ್ ಹ್ಯಾಟ್ ಸಂಸ್ಥೆಯ ಆರ್‌ಎಚ್‌ಸಿಎಸ್‌ಎ ಪರೀಕ್ಷೆಯಲ್ಲಿ ಅಭ್ಯರ್ಥಿ ಯಂತ್ರದ ಮುಂದೆ ಕುಳಿತು ಕೆಲಸ ಮಾಡಿ ತೋರಿಸಬೇಕು. ಯಂತ್ರವನ್ನು ಮತ್ತೆ ಚಾಲೂ ಮಾಡಿದ ಮೇಲೂ ಆ ಕೆಲಸ ನಿಂತಿರಬೇಕು. ಅಂತರಜಾಲದ ನೆರವಿಲ್ಲ, ಯಂತ್ರದೊಳಗಿನ ಕೈಪಿಡಿಯುಂಟು. ಅಂದರೆ ಬಾಯಿಪಾಠದಿಂದ ಆ ಪ್ರಮಾಣಪತ್ರವೂ ದಕ್ಕುವಂತಿಲ್ಲ.

ಕೃತಕ ಬುದ್ಧಿಮತ್ತೆಯನ್ನು ಕೇಳಿದರೆ ಆಜ್ಞೆ ಸಿಗುತ್ತದೆ, ಕಲಿಯುವುದೇಕೆ ಎಂಬುದು ಇತ್ತೀಚಿನ ವಾದ. ಆಜ್ಞೆ ಸಿಗುತ್ತದೆ, ಸರಿ. ಅದು ಈ ಯಂತ್ರಕ್ಕೆ, ಈ ಹೊತ್ತಿಗೆ ತಕ್ಕುದೇ ಎಂದು ಅಳೆಯುವವರು ಯಾರು? ಸರ್ವಾಧಿಕಾರ ಕೊಡುವ 'ಸೂಡೂ' ಎಂಬ ಪ್ರೋಗ್ರಾಂ ಅನೇಕ ಯಂತ್ರಗಳಲ್ಲಿ ಮೊದಲ ಸಲ ಬಳಸುವವನಿಗೆ ಮೂರು ಬುದ್ಧಿಮಾತು ಹೇಳುತ್ತದೆ: ಪರರ ಗುಟ್ಟನ್ನು ಗೌರವಿಸು, ಕೀಲಿ ಒತ್ತುವ ಮುನ್ನ ಯೋಚಿಸು, ಅಧಿಕಾರದ ಜೊತೆಗೆ ಹೊಣೆಯೂ ಬರುತ್ತದೆಂಬುದನ್ನು ಮರೆಯಬೇಡ. ಈ ಮೂರನ್ನೂ ಇನ್ನೊಬ್ಬರಿಗೆ ಗುತ್ತಿಗೆ ಕೊಡಲು ಬರುವುದಿಲ್ಲ.

ಆದ್ದರಿಂದ ತಂದೆತಾಯಂದಿರಲ್ಲಿ ಒಂದು ಬಿನ್ನಹ. ಹಣ ಕಟ್ಟುವ ಮುನ್ನ ಮೂರು ಪ್ರಶ್ನೆ ಕೇಳಿ. ನಮ್ಮ ಹುಡುಗನಿಗೆ, ಹುಡುಗಿಗೆ ಕೆಡಿಸಲು ಸ್ವಂತದ ಯಂತ್ರ ಕೊಡುತ್ತೀರಾ? ಕೈಪಿಡಿ ಓದಲು ಕಲಿಸುತ್ತೀರಾ? ಬ್ಯಾಕಪ್ಪಿನಿಂದ ಯಂತ್ರವನ್ನು ಮರಳಿ ಎಬ್ಬಿಸಿ ತೋರಿಸುವವರೆಗೆ ಪ್ರಮಾಣಪತ್ರ ತಡೆಹಿಡಿಯುತ್ತೀರಾ? ಮೂರಕ್ಕೂ ಹೌದೆಂದರೆ ಕಟ್ಟಿ. ತಡವರಿಸಿದರೆ, ಅದೇ ಹಣದಲ್ಲಿ ಹಳೆಯ ಕಂಪ್ಯೂಟರ್ ಒಂದನ್ನು ಕೊಂಡು ಮನೆಗೆ ತನ್ನಿ.