ತಗ್ಗಿಸಿದ ಕಾರು, ಅಳೆಯದ ಸ್ಪ್ರಿಂಗು

ಹುಬ್ಬಳ್ಳಿ-ಧಾರವಾಡಗಳ ನಡುವಣ ಇಪ್ಪತ್ತು ಕಿಲೋಮೀಟರುಗಳ ಹಾದಿಯಲ್ಲಿ ಸಂಜೆಯ ಹೊತ್ತು ಉಣಕಲ್ ಕೆರೆಯ ದಂಡೆಗೋ ವಿದ್ಯಾನಗರದ ಕೂಟಕ್ಕೋ ನಿಂತು ನೋಡಿದವರಿಗೆ ಒಂದು ಸಂಗತಿ ಕಣ್ಣಿಗೆ ಬೀಳದೆ ಇರದು. ತರುಣರು ನಡೆಸುವ ಕೆಲವು ಕಾರುಗಳು ನೆಲಕ್ಕೆ ತೀರ ಸಮೀಪವಾಗಿ, ಚಕ್ರದ ಮೇಲಣ ಕಮಾನು ಗಾಲಿಯನ್ನು ಅರ್ಧ ನುಂಗಿದೆಯೋ ಎಂಬಂತೆ ಕುಳಿತಿರುತ್ತವೆ. ಕಾರಖಾನೆಯಿಂದ ಬಂದ ಸ್ಪ್ರಿಂಗು ಮತ್ತು ಆಘಾತಶಾಮಕಗಳನ್ನು ತೆಗೆದು, ತಿರುಪಿನ ಎಳೆಗಳುಳ್ಳ ಹೊಸ ಜೋಡಣೆಯನ್ನು ಮನೆಯ ಅಂಗಳದಲ್ಲಿಯೇ ಕೂಡಿಸಿದುದರ ಫಲವಿದು. ಎತ್ತರವನ್ನು ಬೇಕಾದಂತೆ ಏರಿಸಿ ಇಳಿಸಲು ಬರುವ ಈ ಸಸ್ಪೆನ್ಶನ್ನನ್ನು ಹಾಕಿಕೊಳ್ಳುವುದು ತಪ್ಪೆಂದು ಹೇಳುವುದು ನಮ್ಮ ಉದ್ದೇಶವಲ್ಲ. ಅದನ್ನು ಅಳತೆಯಿಲ್ಲದೆ ಹಾಕಿಕೊಳ್ಳುವ ಬಗೆಗೆ ಮಾತ್ರ ನಮಗೆ ತಕರಾರುಂಟು.

ಕಳೆದ ಮಳೆಗಾಲದಲ್ಲಿ ನಮ್ಮ ವಿದ್ಯಾರ್ಥಿಯೊಬ್ಬನು ಇಂಥದೊಂದು ಕಾರನ್ನು ಕಾಲೇಜಿಗೆ ತಂದನು. ಗೆಳೆಯರಿಬ್ಬರನ್ನು ಕೂಡಿಕೊಂಡು ಎರಡು ರವಿವಾರಗಳಲ್ಲಿ ತಾನೇ ಕೆಲಸ ಮುಗಿಸಿದ್ದನು. "ಸರ್ರ, ಗಾಡಿ ಈಗ ನೆಲಕ್ಕ ಅಂಟಿಕೊಂಡು ಓಡತೈತ್ರಿ" ಎಂದು ಹೆಮ್ಮೆಪಟ್ಟನು. ಎಷ್ಟು ತಗ್ಗಿಸಿದೆ ಎಂದು ಕೇಳಿದೆವು. ನಾಲ್ಕು ಬೆರಳು ತೋರಿಸಿದನು. ಮೊದಲು ಎಷ್ಟಿತ್ತು ಎಂದರೆ ಉತ್ತರವಿರಲಿಲ್ಲ. ಮನೆಯವರು ಏನೆನ್ನುತ್ತಾರೆಂದು ಕೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಿಂದ ಕುಂತ್ರ ನಡಾ ನೋಯತೈತಿ ಅಂತ ಅವ್ವ ಅಂತಾಳ್ರಿ" ಎಂದನು. ಆ ಮನೆಗೆ ಅದೊಂದೇ ಕಾರು. ಬೆನ್ನುನೋವಿನ ಉಪಚಾರಕ್ಕೆಂದು ತಾಯಿಯು ತಿಂಗಳಿಗೆರಡು ಸಲ ಅದರಲ್ಲಿಯೇ ಹೋಗಿಬರಬೇಕಾಗಿತ್ತು.

ಅದೇ ಹುಡುಗನು ಪ್ರಥಮ ವರ್ಷದಲ್ಲಿ ನಮ್ಮ ಪ್ರಯೋಗಶಾಲೆಯಲ್ಲಿ ಸುರುಳಿ ಸ್ಪ್ರಿಂಗಿಗೆ ತೂಕ ಕಟ್ಟಿ, ಅದು ಹಿಗ್ಗುವುದನ್ನೂ ತೂಗಾಡುವುದನ್ನೂ ಅಳೆದು, ಅಂದವಾದ ಆಲೇಖವನ್ನು ಬರೆದು ಪೂರ್ಣ ಅಂಕಗಳನ್ನು ಪಡೆದವನು! ಆ ಸ್ಪ್ರಿಂಗಿಗೂ ಈ ಸ್ಪ್ರಿಂಗಿಗೂ ಸಂಬಂಧವುಂಟೆಂಬುದು ಅವನಿಗೆ ಹೊಳೆದಿರಲಿಲ್ಲವೆಂದರೆ ದೋಷವು ಅವನದಕ್ಕಿಂತ ಅವನಿಗೆ ಪಾಠ ಹೇಳಿದ ನಮ್ಮದೇ ಹೆಚ್ಚು.

ಹೂಕನು 1678ರಲ್ಲಿ ಪ್ರಕಟಿಸಿದ ನಿಯಮವು ವಾಚಕರಿಗೆ ಗೊತ್ತಿರುವುದಷ್ಟೆ: ಸ್ಪ್ರಿಂಗಿನ ಮೇಲೆ ಬಲ ಎಷ್ಟೋ ಅದರ ಕುಗ್ಗುವಿಕೆಯೂ ಅಷ್ಟರ ಪ್ರಮಾಣದಲ್ಲಿಯೇ ಇರುತ್ತದೆ. ಒಂದು ಚಿಕ್ಕ ಕಾರಿನ ಮುಂದಿನ ಒಂದು ಚಕ್ರದ ಮೇಲೆ ಒಡಲಿನ ಭಾರ 300 ಕಿ.ಗ್ರಾಂ. ಎಂದೂ, ಸ್ಪ್ರಿಂಗನ್ನು ಒಂದು ಮಿಲಿಮೀಟರು ಅದುಮಲು 25 ನ್ಯೂಟನ್ ಬಲ ಬೇಕೆಂದೂ ಇಟ್ಟುಕೊಳ್ಳೋಣ. ಆಗ ನಿಂತ ಕಾರಿನ ಸ್ಪ್ರಿಂಗು ಸುಮಾರು 12 ಸೆಂಟಿಮೀಟರು ಕುಗ್ಗಿರುತ್ತದೆ. ಒಡಲು ಸೆಕೆಂಡಿಗೆ ಹೆಚ್ಚು ಕಡಿಮೆ ಒಂದೂವರೆ ಸಲ ತೂಗಾಡುತ್ತದೆ. ಈ ಒಂದೂವರೆಯು ಮನುಷ್ಯನಿಗೆ ಹಿತವಾದ ಸಂಖ್ಯೆ. ನಡೆಯುವಾಗ ನಮ್ಮ ದೇಹವು ಸೆಕೆಂಡಿಗೆ ಎರಡರ ಆಸುಪಾಸಿನಲ್ಲಿ ಮೇಲೆ ಕೆಳಗೆ ಆಡುವುದರಿಂದ ಅಂಥ ಚಲನೆಯ ರೂಢಿ ನಮಗುಂಟು. ಆದರೆ ಕಂಪನವು ಸೆಕೆಂಡಿಗೆ ನಾಲ್ಕರಿಂದ ಎಂಟರವರೆಗೆ ಏರಿತೆಂದರೆ ಹೊಟ್ಟೆಯೂ ಬೆನ್ನೆಲುಬೂ ಅದಕ್ಕೆ ಓಗೊಡಲಾರಂಭಿಸುತ್ತವೆ. ಕುಳಿತ ಮನುಷ್ಯನ ದೇಹವು ಅತ್ಯಂತ ಸುಲಭವಾಗಿ ಪೀಡೆಗೊಳಗಾಗುವುದು ಈ ವಲಯದಲ್ಲಿಯೇ.

ಈಗ ತಗ್ಗಿಸುವ ಮಾತು. ಕೆಳಗಿನ ಆಸನವನ್ನು ತಿರುಗಿಸಿ ಕಾರನ್ನು ಇಳಿಸಿದಾಗ ಸ್ಪ್ರಿಂಗಿನ ಬಿಗುವು ಬದಲಾಗುವುದಿಲ್ಲ. ಬದಲಾಗುವುದು ಚಕ್ರವು ಮೇಲೇರಲು ಉಳಿದಿರುವ ಅವಕಾಶ. ಮೊದಲು 8 ಸೆಂಟಿಮೀಟರು ಇದ್ದದ್ದು 4 ಆಯಿತೆನ್ನಿ. ಅದೇ ತಗ್ಗಿಗೆ ಬಿದ್ದಾಗ ಅದೇ ಶಕ್ತಿಯನ್ನು ಅರ್ಧ ದೂರದಲ್ಲಿ ನುಂಗಬೇಕು. ಸ್ಪ್ರಿಂಗು ನುಂಗುವ ಶಕ್ತಿಯು ದೂರದ ವರ್ಗಕ್ಕೆ ಅನುಸರಿಸಿ ಇರುವುದರಿಂದ ಅದರ ಬಿಗುವು ಎರಡರಷ್ಟಲ್ಲ, ನಾಲ್ಕರಷ್ಟು ಆಗಬೇಕಾಗುತ್ತದೆ. ಆಗ ತೂಗಾಟವು ಸೆಕೆಂಡಿಗೆ ಒಂದೂವರೆಯಿಂದ ಸುಮಾರು ಮೂರಕ್ಕೆ ಏರುತ್ತದೆ. ಕುಳಿತವರಿಗೆ ತಾಗುವ ಪೆಟ್ಟು ಇಮ್ಮಡಿಸುತ್ತದೆ. ಬಿಗಿಯಾದ ಸ್ಪ್ರಿಂಗು ಬೇಡವೆಂದರೆ ಒಡಲು ತಳದ ರಬ್ಬರು ತಡೆಗೆ ಅಪ್ಪಳಿಸುತ್ತದೆ. ಅದರ ಪೆಟ್ಟು ಇದಕ್ಕೂ ಕಠಿನ. ಹುಡುಗನ ತಾಯಿ ಯಾವ ಸಮೀಕರಣವನ್ನೂ ಬರೆಯದೆಯೇ ಈ ಉತ್ತರಕ್ಕೆ ಬಂದು ಮುಟ್ಟಿದ್ದಳು.

ಅವಳಿ ನಗರದ ನೆಲವನ್ನು ಬಲ್ಲವರಿಗೆ ಇದರ ಗಂಭೀರತೆಯನ್ನು ವಿವರಿಸಬೇಕಾಗಿಲ್ಲ. ಹುಬ್ಬಳ್ಳಿಯಿಂದ ಮೂಡಲಿಗೆ, ಅಣ್ಣಿಗೇರಿ ನವಲಗುಂದಗಳ ಕಡೆಗೆ ಹಬ್ಬಿರುವುದು ಎರೆ ಭೂಮಿ. ಮಳೆ ಬಿದ್ದರೆ ಅದು ಉಬ್ಬುತ್ತದೆ, ಬೇಸಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಮೇಲಿನ ಡಾಂಬರು ಇಷ್ಟವಿಲ್ಲದಿದ್ದರೂ ಅದರೊಡನೆ ಕುಣಿಯಬೇಕಾಗುತ್ತದೆ. ಕಾಂಕ್ರೀಟಿನ ರಸ್ತೆಯಾದರೆ ನಾಲ್ಕೂವರೆ ಮೀಟರಿಗೊಂದು ಸಂದು. ಗಂಟೆಗೆ 72 ಕಿಲೋಮೀಟರು ವೇಗದಲ್ಲಿ ಸೆಕೆಂಡಿಗೆ ನಾಲ್ಕಕ್ಕೂ ಹೆಚ್ಚು ಸಂದುಗಳು ಚಕ್ರದ ಕೆಳಗೆ ಹಾಯುತ್ತವೆ. ಮೇಲೆ ಹೇಳಿದ ಪೀಡೆಯ ವಲಯವು ಇಲ್ಲಿಂದಲೇ ಆರಂಭವಾಗುವುದೆಂಬುದನ್ನು ವಾಚಕರು ಗಮನಿಸಬೇಕು.

ಫ್ರಾನ್ಸಿನ ಸಿಟ್ರೋಯೆನ್ ಕಂಪನಿಯು 1948ರಲ್ಲಿ ಜನರ ಮುಂದಿಟ್ಟ ಚಿಕ್ಕ ಕಾರಿನ ಸಂಗತಿ ಇಲ್ಲಿ ನೆನಪಾಗುತ್ತದೆ. ಮೊಟ್ಟೆಯ ಬುಟ್ಟಿಯನ್ನಿಟ್ಟುಕೊಂಡು ಉತ್ತ ಹೊಲವನ್ನು ದಾಟಿದರೂ ಒಂದು ಮೊಟ್ಟೆಯೂ ಒಡೆಯಬಾರದು ಎಂಬುದು ಅದನ್ನು ರಚಿಸುವವರಿಗೆ ಹಾಕಿಕೊಟ್ಟ ಷರತ್ತು. ಅವರು ಹಿಡಿದದ್ದು ಮೆತ್ತನೆಯ ಸ್ಪ್ರಿಂಗು ಮತ್ತು ಚಕ್ರಕ್ಕೆ ಧಾರಾಳವಾದ ಓಡಾಟದ ದಾರಿಯನ್ನು. ನಮ್ಮ ತರುಣರು ಹಿಡಿದಿರುವುದು ಅದಕ್ಕೆ ನೇರ ವಿರುದ್ಧವಾದ ದಾರಿಯನ್ನು.

ತಗ್ಗಿಸಿದರೆ ತಿರುವಿನಲ್ಲಿ ಲಾಭವುಂಟೆಂದು ಅವರು ವಾದಿಸುತ್ತಾರೆ. ಉಂಟು, ಇಲ್ಲವೆನ್ನಲಾರೆವು. 1000 ಕಿ.ಗ್ರಾಂ. ಕಾರಿನ ಗುರುತ್ವಕೇಂದ್ರವು 55 ಸೆಂಟಿಮೀಟರಿನಿಂದ 51ಕ್ಕೆ ಇಳಿದರೆ, ಸಾಕಷ್ಟು ಬಿರುಸಾದ ತಿರುವಿನಲ್ಲಿ ಒಳಚಕ್ರಗಳಿಂದ ಹೊರಚಕ್ರಗಳಿಗೆ ಸಾಗುವ ಭಾರ 152 ಕಿ.ಗ್ರಾಂ.ನಿಂದ 141ಕ್ಕೆ ಇಳಿಯುತ್ತದೆ. ಈ ಹನ್ನೊಂದು ಕಿಲೋಗಳ ಲಾಭಕ್ಕೆ ತೆತ್ತ ಬೆಲೆಯನ್ನು ಲೆಕ್ಕಹಾಕಿದವರಾರು?

ರಸ್ತೆಯ ಉಬ್ಬುಗಳನ್ನೇ ನೋಡಿ. ಭಾರತೀಯ ರಸ್ತೆ ಕಾಂಗ್ರೆಸ್ಸಿನ 1988ರ ಮಾರ್ಗಸೂಚಿಯಂತೆ ಉಬ್ಬು 10 ಸೆಂಟಿಮೀಟರು ಎತ್ತರ, 3.7 ಮೀಟರು ಅಗಲ, 17 ಮೀಟರು ತ್ರಿಜ್ಯದ ವೃತ್ತದ ತುಣುಕಾಗಿರಬೇಕು. ಗಂಟೆಗೆ 25 ಕಿಲೋಮೀಟರು ವೇಗದಲ್ಲಿ ಅದನ್ನು ದಾಟಬಹುದು. ಚಕ್ರಗಳ ನಡುವೆ 2.4 ಮೀಟರು ಅಂತರವುಳ್ಳ ಕಾರಿನ ಹೊಟ್ಟೆಗೆ ಇಂಥ ಉಬ್ಬು ನಾಲ್ಕು ಸೆಂಟಿಮೀಟರಿನಷ್ಟು ಮಾತ್ರ ಒಳಬರುತ್ತದೆ. ರೇಖಾಗಣಿತ ಬಲ್ಲವರು ತಾಳೆ ನೋಡಬಹುದು. ಆದರೆ ಓಣಿಯ ಜನ ತಾವೇ ಹಾಕಿಕೊಂಡ ಅರ್ಧ ಮೀಟರು ಅಗಲದ ದಿಬ್ಬವಾದರೆ ಪೂರ್ತಿ ಹತ್ತು ಸೆಂಟಿಮೀಟರು ಒಳಬರುತ್ತದೆ. 17 ಸೆಂಟಿಮೀಟರು ನೆಲದಂತರವಿದ್ದ ಕಾರನ್ನು 13ಕ್ಕೆ ಇಳಿಸಿ, ಚಾಲಕನಲ್ಲದೆ ಇನ್ನೂ ನಾಲ್ವರನ್ನು ಕೂಡಿಸಿದರೆ ಮತ್ತೆ ಎರಡೂವರೆ ಸೆಂಟಿಮೀಟರು ಕುಗ್ಗುತ್ತದೆ. ಉಳಿದದ್ದು ಹತ್ತೂವರೆ. ಬ್ರೇಕು ಒತ್ತಿದೊಡನೆ ಮೂತಿ ಬಾಗುವುದರಲ್ಲಿ ಆ ಅರ್ಧವೂ ಹೋಗುತ್ತದೆ.

ಇನ್ನು ಮನೆಯಲ್ಲಿ ಹೊಂದಿಸುವವರು ಸಾಮಾನ್ಯವಾಗಿ ಎಡವುವ, ನಮಗೆ ಬಹಳ ಪ್ರಿಯವಾದ, ಒಂದು ವಿಷಯಕ್ಕೆ ಬರೋಣ. ಆ ಹುಡುಗನ ಕಾರಿನಲ್ಲಿ ನಾಲ್ಕು ಮೂಲೆಗಳ ಎತ್ತರವೂ ಸರಿಸಮವಾಗಿತ್ತು. ಆದರೂ ಬ್ರೇಕು ಹಾಕಿದಾಗ ಅದು ಒಂದು ಕಡೆಗೆ ಎಳೆಯುತ್ತಿತ್ತು. ಎತ್ತರ ಸರಿಯಿದ್ದ ಮೇಲೆ ದೋಷವೆಲ್ಲಿಯದು ಎಂಬುದು ಅವನ ಪ್ರಶ್ನೆ. ನಾವು ಅವನಿಗೆ ಹೊರಸನ್ನು ನೆನೆಸಿಕೊಳ್ಳಲು ಹೇಳಿದೆವು. ಮೂರು ಕಾಲಿನ ಮಣೆಯು ಯಾವ ನೆಲದ ಮೇಲೂ ಅಲುಗದೆ ನಿಲ್ಲುತ್ತದೆ. ಮೂರು ಕಾಲುಗಳ ಭಾರವನ್ನು ಸ್ಥಿತಿಶಾಸ್ತ್ರದ ಮೂರು ಸಮೀಕರಣಗಳು ಹೇಳಿಕೊಡುತ್ತವೆ. ಹೊರಸಿಗೆ ಕಾಲು ನಾಲ್ಕು. ಸಮೀಕರಣಗಳು ಮಾತ್ರ ಮೂರೇ. ನಾಲ್ಕನೆಯದನ್ನು ಹೂಕನ ನಿಯಮದಿಂದಲೇ ತರಬೇಕು. ಹೊರಸಿನ ಒಂದು ಕಾಲಿನ ಕೆಳಗೆ ಮಡಿಸಿದ ಕಾಗದವಿಟ್ಟರೆ ಏನಾಗುತ್ತದೆ? ಆ ಕಾಲಿನ ಭಾರ ಹೆಚ್ಚುತ್ತದೆ, ಅದಕ್ಕೆ ಮೂಲೆಗೆ ಮೂಲೆಯಾಗಿರುವ ಕಾಲಿನ ಭಾರವೂ ಹೆಚ್ಚುತ್ತದೆ, ಉಳಿದೆರಡರದು ಕಡಿಮೆಯಾಗುತ್ತದೆ. ಮಲಗಿದವನ ಕಣ್ಣಿಗೆ ಹೊರಸು ಓರೆಯಾದದ್ದು ಕಾಣುವುದೇ ಇಲ್ಲ.

ಕಾರಿನಲ್ಲಿಯೂ ಹೀಗೆಯೇ. ಎಡ ಮುಂದಿನ ಆಸನವನ್ನು ಐದು ಮಿಲಿಮೀಟರು ಏರಿಸಿದರೆ ಅಲ್ಲಿಯೇ ಐದು ಮಿಲಿಮೀಟರು ಎತ್ತರವಾಗುವುದೆಂದು ತಿಳಿಯಬಾರದು. ಒಡಲು ಗಡುಸಾದದ್ದು, ಏರಿಕೆಯು ನಾಲ್ಕು ಕಡೆ ಹಂಚಿಹೋಗುತ್ತದೆ, ಭಾರವಾದರೋ ಎಡ ಮುಂದಿನ ಮತ್ತು ಬಲ ಹಿಂದಿನ ಚಕ್ರಗಳಿಗೆ ಸರಿಯುತ್ತದೆ. ಅಂಗಳದ ನೆಲವೇ ಒಂದು ಮೂಲೆಗೆ ತಗ್ಗಾಗಿದ್ದು, ಅಲ್ಲಿ ನಿಲ್ಲಿಸಿ ನಾಲ್ಕೂ ಕಮಾನುಗಳನ್ನು ನೆಲದಿಂದ ಸಮಮಾಡಿದರೆ, ಆ ಅಂಗಳದ ಓರೆಯನ್ನು ಕಾರಿನಲ್ಲಿ ಶಾಶ್ವತವಾಗಿ ಹೊಲಿದಂತಾಗುತ್ತದೆ. ನಮ್ಮ ವಿದ್ಯಾರ್ಥಿ ಮಾಡಿದ್ದು ಇದನ್ನೇ. ಗೌಂಡಿಗಳು ಬಳಸುವ ನೀರು ತುಂಬಿದ ನಳಿಗೆಯಿಂದ ಅವನ ಅಂಗಳವನ್ನು ಅಳೆದಾಗ ಬಲ ಹಿಂದಿನ ಮೂಲೆಯು 14 ಮಿಲಿಮೀಟರು ಕೆಳಗಿತ್ತು! ಹತ್ತಾರು ಸಾವಿರ ರೂಪಾಯಿಯ ಸಾಮಾನಿನ ದೋಷವನ್ನು ಐವತ್ತು ರೂಪಾಯಿಯ ನಳಿಗೆಯು ತೋರಿಸಿಕೊಟ್ಟಿತು.

ಮನೆಯಲ್ಲಿ ಈ ಕೆಲಸಕ್ಕೆ ಕೈಹಾಕುವವರು ಪಾನಾ ಹಿಡಿಯುವ ಮೊದಲು ಪಟ್ಟಿಯನ್ನು ಹಿಡಿಯಲಿ. ಚಕ್ರದ ನಡುಬಿಂದುವಿನಿಂದ ಕಮಾನಿನ ಅಂಚಿಗೆ ಅಳೆದು ಬರೆದುಕೊಳ್ಳಬೇಕು. ನೆಲದಿಂದ ಅಳೆದರೆ ಗಾಲಿಯ ಗಾಳಿಯೂ ಲೆಕ್ಕದಲ್ಲಿ ಬಂದು ಬೆರೆಯುತ್ತದೆ. ಜ್ಯಾಕಿನ ಮೇಲಷ್ಟೇ ನಿಂತ ಕಾರಿನ ಕೆಳಗೆ ಕೈಯನ್ನು ಕೂಡ ಚಾಚಬಾರದು. ಗಟ್ಟಿ ನೆಲದ ಮೇಲೆ ಜ್ಯಾಕ್ ಸ್ಟ್ಯಾಂಡುಗಳನ್ನು ಕೊಟ್ಟು, ಉಳಿದ ಚಕ್ರಗಳಿಗೆ ಅಡ್ಡ ಕೊಟ್ಟಿರಬೇಕು. ಬ್ರೇಕಿನ ರಬ್ಬರು ನಳಿಗೆಯನ್ನೂ ಚಕ್ರದ ವೇಗ ಅರಿಯುವ ತಂತಿಯನ್ನೂ ಮೊದಲು ಬಿಡಿಸದೆ ಹೋದರೆ ಜೋತುಬಿದ್ದ ಚಕ್ರದ ಭಾರವೆಲ್ಲ ಅವುಗಳ ಮೇಲೆಯೇ.

ಹಳೆಯ ಸ್ಪ್ರಿಂಗನ್ನು ಮನೆಯಲ್ಲಿ ಬಿಚ್ಚುವುದಕ್ಕೆ ಮಾತ್ರ ನಮ್ಮ ಒಪ್ಪಿಗೆಯಿಲ್ಲ. ಮೇಲೆ ಹೇಳಿದ ಸ್ಪ್ರಿಂಗನ್ನು 12 ಸೆಂಟಿಮೀಟರು ಅದುಮಿ ಹಿಡಿದಾಗ ಅದರಲ್ಲಿ 180 ಜೌಲ್ ಶಕ್ತಿ ಅಡಗಿರುತ್ತದೆ, 18 ಕಿ.ಗ್ರಾಂ. ಕಲ್ಲೊಂದು ಒಂದು ಮೀಟರು ಎತ್ತರದಿಂದ ಬೀಳುವಾಗಿನ ಶಕ್ತಿಯೂ ಇಷ್ಟೇ. ಹಿಡಿಕೆ ಜಾರಿದರೆ ಅದು ಬಂದು ಬೀಳುವುದು ಬಾಗಿ ನೋಡುತ್ತಿರುವವನ ಮುಖಕ್ಕೆ. ಮೇಲಿನ ಬಟ್ಟಲನ್ನು ಹಳೆಯದರಿಂದಲೇ ತೆಗೆಯಬೇಕಾದರೆ ಗ್ಯಾರೇಜಿನಲ್ಲಿ ಸರಿಯಾದ ಯಂತ್ರವುಳ್ಳ ಮಿಸ್ತ್ರಿಗೆ ಕೊಟ್ಟು ಬಿಡಿಸಿಕೊಳ್ಳುವುದೇ ಜಾಣತನ.

ರಬ್ಬರು ಬುಷ್ಷುಗಳುಳ್ಳ ತೋಳುಗಳ ಬೋಲ್ಟುಗಳನ್ನು ಕಾರು ತನ್ನ ಕಾಲ ಮೇಲೆ ನಿಂತಿರುವಾಗಲೇ ಕೊನೆಯ ಬಿಗಿ ಕೊಡಬೇಕು. ತೂಗುಬಿದ್ದಾಗ ಬಿಗಿದರೆ ಇಳಿಸಿದೊಡನೆ ರಬ್ಬರು ತಿರುಚಿಕೊಂಡು ತಾನೇ ಒಂದು ಕಳ್ಳ ಸ್ಪ್ರಿಂಗಾಗುತ್ತದೆ. ಕೆಲವು ತಿಂಗಳಲ್ಲಿ ಹರಿದೂ ಹೋಗುತ್ತದೆ. ಎಳೆಯ ಅಂತರ ಎರಡು ಮಿಲಿಮೀಟರಾದರೆ ಒಂದು ಸುತ್ತಿಗೆ ಆಸನವು ಎರಡು ಮಿಲಿಮೀಟರು ಚಲಿಸುವುದು ನಿಜ. ಆದರೆ ಹಿಂದಿನ ತೋಳಿನ ನಟ್ಟನಡುವೆ ಸ್ಪ್ರಿಂಗಿದ್ದಲ್ಲಿ ಚಕ್ರದಲ್ಲಿ ಅದು ನಾಲ್ಕಾಗುತ್ತದೆ, ಬಿಗುವು ಕಾಲುಭಾಗವಾಗುತ್ತದೆ. ಯಾಕೆಂಬುದನ್ನು ಸನ್ನೆಗೋಲಿನ ಪಾಠ ಓದಿದವರೇ ಹೇಳಲಿ. ಎರಡು ಮೂರು ಕಿಲೋಮೀಟರು ಓಡಿಸಿ ಕೂಡಿಕೊಂಡ ಮೇಲೆ ಮತ್ತೆ ಅಳೆದು, ಚಕ್ರಗಳ ಜೋಡಣೆಯನ್ನು ಯಂತ್ರದ ಮೇಲೆ ಸರಿಪಡಿಸಿಕೊಳ್ಳಬೇಕು. ದೀಪವನ್ನು ಮರೆಯುವವರೇ ಬಹಳ. ಹಿಂಭಾಗವೊಂದೇ 2 ಸೆಂಟಿಮೀಟರು ತಗ್ಗಿದರೂ 60 ಮೀಟರು ದೂರದಲ್ಲಿ ಬೆಳಕು ಅರ್ಧ ಮೀಟರು ಮೇಲಕ್ಕೇರಿ, ರಾತ್ರಿ ಬೈಪಾಸಿನಲ್ಲಿ ಎದುರು ಬರುವ ಲಾರಿಯವನ ಕಣ್ಣಿಗೆ ಹೊಡೆಯುತ್ತದೆ.

ಕಾನೂನಿನ ಮಾತನ್ನೂ ಆಡಿಬಿಡಬೇಕು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ನೋಂದಣಿ ಪತ್ರದ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆನ್ನುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಈ ನಿಷೇಧವನ್ನು ಎತ್ತಿಹಿಡಿಯಿತು. ಸಾಮಾನು ಕೊಳ್ಳುವ ಮೊದಲೇ ಸಾರಿಗೆ ಕಚೇರಿಯಲ್ಲಿಯೂ ವಿಮೆಯವರಲ್ಲಿಯೂ ಲಿಖಿತವಾಗಿ ಕೇಳಿಕೊಳ್ಳುವುದು ಲೇಸು.

ನಮ್ಮ ಸಹೋದ್ಯೋಗಿಗಳಲ್ಲಿ ಕೆಲವರು, ಹುಡುಗರ ಕೈಗೆ ಪಾನಾ ಕೊಡುವುದೇ ತಪ್ಪೆನ್ನುತ್ತಾರೆ. ಅವರ ಭಯವನ್ನು ನಾವು ಬಲ್ಲೆವಾದರೂ ಒಪ್ಪಲಾರೆವು. ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಟಾಟಾ ಕಾರಖಾನೆಯು ವಾಹನಗಳನ್ನು ಕಟ್ಟುತ್ತಿರುವಾಗ, ಅಲ್ಲಿಂದ ಕೂಗಳತೆಯ ಕಾಲೇಜುಗಳಲ್ಲಿ ಸ್ಪ್ರಿಂಗೆಂದರೆ ಗೋಡೆಯ ಮೊಳೆಗೆ ತೂಗುಹಾಕಿದ ತಂತಿ ಮಾತ್ರವಾಗಿ ಉಳಿಯುವುದು ನಾಚಿಕೆಯ ಸಂಗತಿ. ಮಾರಿಸ್ ಆಲಿ ಎಂಬ ಇಂಜಿನಿಯರನು 1930ರ ದಶಕದ ಆರಂಭದಲ್ಲಿ ಅಮೆರಿಕದ ಕ್ಯಾಡಿಲಾಕ್ ಕಂಪನಿಯಲ್ಲಿ, ಅತ್ತಿತ್ತ ಸರಿಸಬಹುದಾದ ತೂಕಗಳನ್ನು ಹೇರಿದ ಒಂದು ಕಾರನ್ನು ಓಡಿಸಿ ಓಡಿಸಿ, ಮುಂದಿನದಕ್ಕಿಂತ ಹಿಂದಿನ ತೂಗಾಟ ತುಸು ಶೀಘ್ರವಾಗಿದ್ದರೆ ಸವಾರಿ ಸಮವಾಗಿರುವುದೆಂಬುದನ್ನು ಕಂಡುಕೊಂಡನು. ಪದವಿ ತರಗತಿಯ ಹುಡುಗನಿಗೆ ಇದು ಅಸಾಧ್ಯವೇನಲ್ಲ. ಕಾರಿನ ಮೂಲೆಯನ್ನು ಅದುಮಿ ಬಿಟ್ಟು, ನೆಲಹಾಸಿನ ಮೇಲಿಟ್ಟ ಮೊಬೈಲಿನ ವೇಗೋತ್ಕರ್ಷಮಾಪಕದಿಂದ ತೂಗಾಟವನ್ನು ಎಣಿಸುವುದು ಒಂದು ತಾಸಿನ ಪ್ರಯೋಗ. ನಮ್ಮ ವಿಶ್ವವಿದ್ಯಾಲಯದ ಪಠ್ಯಸಮಿತಿಯವರು ಇದನ್ನು ಪ್ರಯೋಗಗಳ ಪಟ್ಟಿಗೆ ಸೇರಿಸಬಾರದೇಕೆ ಎಂದು ಕೇಳುತ್ತೇವೆ.

ಆ ವಿದ್ಯಾರ್ಥಿಯು ಈ ಎಣಿಕೆಯನ್ನು ಮಾಡಿದನು. ಹಿಂದೆ ಸೆಕೆಂಡಿಗೆ 2.6, ಮುಂದೆ 1.9. ಮನೆಗೆ ಹೋಗಿ ನೀರಿನ ನಳಿಗೆಯಿಂದ ನಾಲ್ಕು ಗಾಲಿಗಳ ಕೆಳಗೆ ಹಲಗೆ ಕೊಟ್ಟು ನೆಲವನ್ನು ಸಮಮಾಡಿಕೊಂಡನು. ಕಾರನ್ನು ಎರಡೂವರೆ ಸೆಂಟಿಮೀಟರು ಮೇಲೆತ್ತಿದನು. ಹಿಂದಕ್ಕೆ ಮೆತ್ತನೆಯ ಸ್ಪ್ರಿಂಗುಗಳನ್ನು ತರಿಸಿದನು. ಬ್ರೇಕಿನ ಎಳೆತವು ನಿಂತಿದೆ. ಹಿಂದಿನ ಸಂಖ್ಯೆ ಈಗ 2.1ಕ್ಕೆ ಇಳಿದಿದೆ. ಇನ್ನೂ ಇಳಿಯಬೇಕೆಂದು ಅವನ ತಾಯಿಯ ಅಭಿಪ್ರಾಯ. ಶಾಮಕದ ಗುಂಡಿಯನ್ನು ಒಂದೊಂದೇ ಹಲ್ಲು ಸಡಿಲಿಸುತ್ತ, ಪ್ರತಿ ರವಿವಾರ ಆಕೆಯನ್ನು ನವನಗರದವರೆಗೆ ಕರೆದೊಯ್ದು ಕೇಳಿ ಬರೆದುಕೊಳ್ಳುತ್ತಿದ್ದಾನೆ.