ಕಾಯಿಲೆಗೆ ಹೆಸರು ಸಿಗದಿದ್ದಾಗ

ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಮದ್ರಾಸಿನ ಚೇತ್‌ಪೇಟ್‌ನಲ್ಲಿ 1920ರ ಏಪ್ರಿಲ್ 26ರಂದು ತೀರಿಕೊಂಡಾಗ ಅವರಿಗೆ 32 ವರ್ಷ. ಮೂರು ವರ್ಷ ಕಾಡಿದ ಕಾಯಿಲೆ ಯಾವುದೆಂಬುದು ಆಗಲೂ ಇತ್ಯರ್ಥವಾಗಿರಲಿಲ್ಲ. ಇಂಗ್ಲೆಂಡಿನ ವೈದ್ಯರು ಹೊಟ್ಟೆಹುಣ್ಣು ಎಂದರು, ಕ್ಯಾನ್ಸರ್ ಇರಬಹುದೆಂದರು, ಕ್ಷಯವೆಂದು ಚಿಕಿತ್ಸೆ ಕೊಟ್ಟರು.   1994ರಲ್ಲಿ ಡಾ. ಡಿ.ಎ.ಬಿ. ಯಂಗ್ ಹಳೆಯ ದಾಖಲೆಗಳನ್ನೆಲ್ಲ ತಿರುವಿಹಾಕಿ, ಅದು ಯಕೃತ್ತಿಗೆ ಹತ್ತಿದ ಅಮೀಬಾ ಸೋಂಕು ಇದ್ದೀತು ಎಂದರು.

ಇಂಥ ರೋಗಿಗಳು ಇವತ್ತೂ ನಮ್ಮ ನಡುವೆ ಇದ್ದಾರೆ. ಲೂಪಸ್‌ನಂಥ ಕಾಯಿಲೆ ಇದೆ ಎಂದು ಗೊತ್ತಾಗುವ ಹೊತ್ತಿಗೆ ಕೆಲವರಿಗೆ ವರ್ಷಗಳೇ ಕಳೆದಿರುತ್ತವೆ. ಅಷ್ಟರೊಳಗೆ ‘ನೋಡೋಕೆ ಚೆನ್ನಾಗೇ ಇದ್ದೀಯಲ್ಲ’, ‘ರಿಪೋರ್ಟ್ ನಾರ್ಮಲ್ ಅಂತೆ’, ‘ದೇವರ ಮೇಲೆ ಭಾರ ಹಾಕು’ ಎಂಬ ಮಾತುಗಳನ್ನು ಕೇಳಿ ಕೇಳಿ ಅವರು ಸೋತಿರುತ್ತಾರೆ. ಇವನ್ನು ಆಡುವವರು ಕೆಟ್ಟವರಲ್ಲ. ಆದರೆ ಧೈರ್ಯ ಹೇಳುವುದೇ ಬೇರೆ, ಜೊತೆಗಿರುವುದೇ ಬೇರೆ.

ರಾಮಾನುಜನ್ನರ ಗೆಳೆಯರು ಜೊತೆಗಿದ್ದರು. ಇಂಗ್ಲೆಂಡಿಗೆ ಹೋಗುವುದಕ್ಕೂ ಮೊದಲು, ಇನ್ನೂ ಹೆಸರು, ಕೆಲಸ ಯಾವುದೂ ಇಲ್ಲದೆ ಮದ್ರಾಸಿನಲ್ಲಿ ಹಾಸಿಗೆ ಹಿಡಿದಾಗ ಆರೈಕೆ ಮಾಡಿದವರು ಆರ್. ರಾಧಾಕೃಷ್ಣ ಅಯ್ಯರ್ ಎಂಬ ಗೆಳೆಯ. ತಾನು ಉಳಿಯದಿದ್ದರೆ ಗಣಿತದ ಪ್ರೊಫೆಸರ್ ಸಿಂಗಾರವೇಲು ಮೊದಲಿಯಾರರಿಗೋ ಕ್ರಿಶ್ಚಿಯನ್ ಕಾಲೇಜಿನ ಪ್ರೊ. ರಾಸ್ ಅವರಿಗೋ ತಲುಪಿಸೆಂದು ರಾಮಾನುಜನ್ ತಮ್ಮ ನೋಟ್‌ಬುಕ್ಕುಗಳನ್ನು ಒಪ್ಪಿಸಿದ್ದು ಅವರ ಕೈಗೇ. 1918ರಲ್ಲಿ ಇಂಗ್ಲೆಂಡಿನ ಮ್ಯಾಟ್ಲಾಕ್ ಆಸ್ಪತ್ರೆಯಲ್ಲಿ ಸಸ್ಯಾಹಾರಿ ರೋಗಿಗೆ ಊಟವೇ ಸೇರದಿದ್ದಾಗ ಇನ್ನೊಬ್ಬ ಗೆಳೆಯ ಎ.ಎಸ್. ರಾಮಲಿಂಗಂ ಅಲ್ಲಿಗೇ ಹೋಗಿ, ನೋಡಿದ್ದನ್ನೆಲ್ಲ ಕೇಂಬ್ರಿಜ್‌ನ ಗಣಿತಜ್ಞ ಜಿ.ಎಚ್. ಹಾರ್ಡಿಗೆ ದೀರ್ಘ ಪತ್ರದಲ್ಲಿ ಬರೆದರು. ಚೇತ್‌ಪೇಟ್‌ನ ಕೊನೆಯ ತಿಂಗಳುಗಳಲ್ಲಿ ನೋವೆಂದಾಗ ಕಾಲಿಗೆ, ಎದೆಗೆ ಬಿಸಿನೀರಿನ ಶಾಖ ಕೊಟ್ಟವರು ಹೆಂಡತಿ ಜಾನಕಿ.

ನನ್ನನ್ನು ಹೆಚ್ಚು ಕಾಡುವುದು ಹಾರ್ಡಿ. ಆತ ಕಡು ನಾಸ್ತಿಕ. ಗೆಳೆಯನೋ ತನ್ನ ಸೂತ್ರಗಳು ನಾಮಕ್ಕಲ್ಲಿನ ನಾಮಗಿರಿ ತಾಯಿಯ ಪ್ರಸಾದವೆಂದು ನಂಬಿದವನು. ಹಾರ್ಡಿ ನಂಬಿಕೆ ಇಟ್ಟದ್ದು ಗೆಳೆಯನ ಗಣಿತದ ಮೇಲೆ. 1918ರ ಆರಂಭದಲ್ಲಿ ರಾಮಾನುಜನ್ನರಿಗೆ ಬದುಕೇ ಬೇಡವೆನಿಸಿತ್ತು. ಅವರನ್ನು ರಾಯಲ್ ಸೊಸೈಟಿಗೆ ಆರಿಸಲು ಮುಂದಿನ ವರ್ಷದವರೆಗೆ ಕಾಯುವುದು ಬೇಡ, ಆರೋಗ್ಯ ಎಲ್ಲಿಗೆ ಮುಟ್ಟುವುದೋ ಎಂದು ಹಾರ್ಡಿ ಒತ್ತಾಯಿಸಿದರು. ಆ ವರ್ಷದ ಮೇ ತಿಂಗಳಲ್ಲಿ ರಾಮಾನುಜನ್ ರಾಯಲ್ ಸೊಸೈಟಿಯ ಫೆಲೋ ಆದರು. ಅಕ್ಟೋಬರಿನಲ್ಲಿ ಟ್ರಿನಿಟಿ ಕಾಲೇಜಿನ ಫೆಲೋ. ಕಾಯಿಲೆ ವಾಸಿಯಾಗಲಿಲ್ಲ, ಆದರೆ ಲೆಕ್ಕ ಮತ್ತೆ ಕೈಗೆ ಹತ್ತಿತು. 1920ರ ಜನವರಿ 12ರಂದು ಮದ್ರಾಸಿನಿಂದ ಹಾರ್ಡಿಗೆ ಬರೆದ ಪತ್ರದಲ್ಲಿ ಮಾಕ್ ಥೀಟಾ ಎಂಬ ಹೊಸ ಫಲನಗಳಿದ್ದವು. ಗಣಿತಜ್ಞರು ಇಂದಿಗೂ ಅವುಗಳ ಮೇಲೆ ದುಡಿಯುತ್ತಿದ್ದಾರೆ.

ದೀರ್ಘ ಕಾಯಿಲೆಯವರು ರೋಗಿಯಾಗಿ ಮಾತ್ರ ಉಳಿಯಲು ಬಯಸುವುದಿಲ್ಲ. ಹಾಡುವವಳಿಗೆ ಹಾಡಿನ ವಿಷಯ ಬೇಕು, ಮೇಷ್ಟರಿಗೆ ಪಾಠದ್ದು. ಪೂಜೆ ಮಾಡುವವರಾದರೆ ಪೂಜೆಗೆ ಹೂ ತಂದುಕೊಡಿ, ಮಾಡದವರಿಗೆ ಹರಕೆಯ ಸಲಹೆ ಬೇಡ. ‘ಹುಷಾರಾದೆಯಾ?’ ಎಂದು ಕೇಳಿದರೆ ಆಗಿಲ್ಲವೆನ್ನಲು ಅವರಿಗೆ ಸಂಕೋಚ. ‘ಇವತ್ತು ಹೇಗಿದೆ, ಊಟಕ್ಕೇನು ತರಲಿ?’ ಎಂದು ಕೇಳಿ. ಅಂಥವರೊಬ್ಬರು ನಿಮಗೆ ನೆನಪಾಗುತ್ತಿದ್ದರೆ, ದಯವಿಟ್ಟು ಈ ವಾರವೇ ಹೋಗಿ ಬನ್ನಿ.