ಮಹಾನಗರದ ತಲೆಯೆಣಿಕೆಯೂ ನಮ್ಮ ತಾಯ್ನುಡಿಯೂ

"ಬೆಂಗಳೂರು ಹತ್ತೇ ವರ್ಷಗಳಲ್ಲಿ ಇಮ್ಮಡಿಯಾಯಿತು" ಎಂಬ ಮಾತು ಭಾಷಣಕಾರರ ನಾಲಗೆಯಲ್ಲಿ ಸುಪ್ರಭಾತದಂತೆ ನೆಲಸಿಬಿಟ್ಟಿದೆ. ಕೇಳಿದವರು ಬೆರಗಾಗುತ್ತಾರೆ, ಬೆರಗಾದವರು ಮತ್ತೊಬ್ಬರಿಗೆ ಹೇಳುತ್ತಾರೆ, ಲೆಕ್ಕವನ್ನು ಮಾತ್ರ ಯಾರೂ ಕೇಳುವುದಿಲ್ಲ. ಅಂಕಗಣಿತವನ್ನು ಕಲಿಸಿ ಅನ್ನ ಉಣ್ಣುವ ಉಪಾಧ್ಯಾಯವರ್ಗದವರಾದರೂ ಇದನ್ನು ಕೇಳಬೇಡವೆ? ಈ ಲೆಕ್ಕದ ತಪ್ಪಿನ ಪೆಟ್ಟು ಬೆಂಗಳೂರಿನಲ್ಲಿಯೇ ನಿಲ್ಲದೆ, ಗಡಿಯಾಚೆಯ ಹೊಸೂರಿನ ಕನ್ನಡ ಮಗುವಿನ ಹಲಗೆಯ ಮೇಲೂ ಬೀಳುತ್ತದೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಅಂಕಿಗಳನ್ನು ನೋಡೋಣ. 2001ರ ಜನಗಣತಿಯಲ್ಲಿ ಬೆಂಗಳೂರು ಮಹಾನಗರ ಪಾಲಿಕೆಯ ಎಲ್ಲೆಯೊಳಗೆ 43 ಲಕ್ಷ ಜನರಿದ್ದರು. 2011ರಲ್ಲಿ ಬೃಹತ್ ಪಾಲಿಕೆಯೊಳಗೆ 84 ಲಕ್ಷ ಜನರಿದ್ದರು. ಇಮ್ಮಡಿಯ ಕಥೆ ಹುಟ್ಟಿದ್ದು ಇಲ್ಲಿ. ಆದರೆ ಈ ಎರಡು ಎಣಿಕೆಗಳ ನಡುವೆ, 2007ರಲ್ಲಿ, ಏಳು ನಗರಸಭೆಗಳನ್ನೂ ಒಂದು ಪುರಸಭೆಯನ್ನೂ ನೂರಕ್ಕೂ ಮೇಲ್ಪಟ್ಟ ಹಳ್ಳಿಗಳನ್ನೂ ಪಾಲಿಕೆಗೆ ಸೇರಿಸಲಾಯಿತು. ಒಂದು ಶಾಲೆಯಲ್ಲಿ ಮುನ್ನೂರು ಮಕ್ಕಳಿದ್ದು, ಪಕ್ಕದ ಇನ್ನೂರು ಮಕ್ಕಳ ಶಾಲೆಯನ್ನು ಅದಕ್ಕೆ ಸೇರಿಸಿದರೆ, ಊರಿನಲ್ಲಿ ಇನ್ನೂರು ಮಕ್ಕಳು ಹೊಸದಾಗಿ ಹುಟ್ಟಿದರೆಂದು ಯಾವ ಮುಖ್ಯೋಪಾಧ್ಯಾಯನೂ ವರದಿ ಬರೆಯನು. ಎಲ್ಲೆ ಬದಲಾಗದ ಬೆಂಗಳೂರು ನಗರ ಜಿಲ್ಲೆಯ ಲೆಕ್ಕವನ್ನು ತೆಗೆದುಕೊಂಡರೆ, 2001ರ 65 ಲಕ್ಷ 2011ರಲ್ಲಿ 96 ಲಕ್ಷವಾಯಿತು. ಎಂದರೆ ನೂರಕ್ಕೆ 47ರಷ್ಟು ಹೆಚ್ಚಳ. ಇದೇ ಸಾಕಷ್ಟು ಭಯಂಕರವಾದ ವೇಗ. ಇದಕ್ಕೆ ಉತ್ಪ್ರೇಕ್ಷೆಯ ಒಗ್ಗರಣೆ ಬೇಕಾಗಿಲ್ಲ.

ಬೆಂಗಳೂರು ನಿಜವಾಗಿಯೂ ಇಮ್ಮಡಿಯ ಸಮೀಪಕ್ಕೆ ಹೋದ ದಶಕ ಒಂದುಂಟು. 1941ರಲ್ಲಿ 4 ಲಕ್ಷ 7 ಸಾವಿರವಿದ್ದ ಜನಸಂಖ್ಯೆ 1951ರಲ್ಲಿ 7 ಲಕ್ಷ 79 ಸಾವಿರವಾಯಿತು. ಯುದ್ಧಕಾಲದ ಕೈಗಾರಿಕೆಗಳೂ ದಂಡಿನ ವ್ಯಾಪಾರವೂ ಜನರನ್ನು ಎಳೆದುತಂದವು. ಅನಂತರ ಸರಕಾರಿ ಕಾರ್ಖಾನೆಗಳು ಬಂದವು; 1961ರಲ್ಲಿ 12 ಲಕ್ಷ, 1981ರಲ್ಲಿ 29 ಲಕ್ಷ, 1991ರಲ್ಲಿ 41 ಲಕ್ಷ. ಊರು ಬೆಳೆಯುವುದು ಹೊಸದಲ್ಲ. ಬೆಳೆದ ಊರನ್ನು ಎಣಿಸದೆ ಬಿಟ್ಟಿರುವುದು ಹೊಸದು.

1881ರಿಂದ 2011ರವರೆಗೆ, ಎರಡು ಮಹಾಯುದ್ಧಗಳ ನಡುವೆಯೂ, ಹತ್ತು ವರ್ಷಕ್ಕೊಮ್ಮೆ ತಪ್ಪದೆ ನಡೆದ ಈ ಖಾನೇಷುಮಾರಿ 2021ರಲ್ಲಿ ನಡೆಯಲಿಲ್ಲ. ಸಾಂಕ್ರಾಮಿಕ ರೋಗದ ಕಾರಣ ಮೊದಲ ಒಂದೆರಡು ವರ್ಷಗಳ ಮಟ್ಟಿಗೆ ಒಪ್ಪತಕ್ಕದ್ದೇ. ಅನಂತರದ ವಿಳಂಬಕ್ಕೆ ಯಾವ ಸಮಾಧಾನವನ್ನು ಹೇಳೋಣ? 2027ರ ಮಾರ್ಚ್ 1ನೆಯ ತಾರೀಖನ್ನು ಗಣನೆಯ ದಿನವೆಂದು 2025ರ ಜೂನ್ ತಿಂಗಳಲ್ಲಿ ಪ್ರಕಟಿಸಲಾಯಿತು. ಈ ನಡುವೆ ಬೆಂಗಳೂರಿನ ಜನಸಂಖ್ಯೆಯೆಂದು ಒಬ್ಬರು ಒಂದು ಕೋಟಿ ಹೇಳಿದರೆ ಮತ್ತೊಬ್ಬರು ಒಂದೂವರೆ ಕೋಟಿ ಹೇಳುತ್ತಾರೆ. ಇವು ಅಂದಾಜುಗಳು, ಎಣಿಕೆಗಳಲ್ಲ. ಅಂದಾಜನ್ನು ಎಣಿಕೆಯ ಆಸನದಲ್ಲಿ ಕೂರಿಸುವುದು ವಿದ್ಯಾವಂತರಿಗೆ ಶೋಭಿಸದ ಕೆಲಸ.

ಎಣಿಕೆಯಿಲ್ಲದಿದ್ದರೆ ಏನು ಮುಳುಗಿಹೋಯಿತು ಎಂದು ಕೇಳುವ ಮಹಾಶಯರಿದ್ದಾರೆ. ಮುಳುಗುವುದು ಬಡವರ ಅನ್ನ. 2013ರ ಆಹಾರ ಭದ್ರತಾ ಶಾಸನದಂತೆ ಗ್ರಾಮಾಂತರದ ನೂರಕ್ಕೆ 75 ಜನರಿಗೂ ಪಟ್ಟಣದ ನೂರಕ್ಕೆ 50 ಜನರಿಗೂ ಮಿತಿ ಹಾಕಿ ಪಡಿತರದ ಸಂಖ್ಯೆಯನ್ನು ನಿಗದಿ ಮಾಡಿದ್ದು 2011ರ ಗಣತಿಯ ಮೇಲೆ. ಆ ಬಳಿಕ ನಗರಕ್ಕೆ ಬಂದ ಕೂಲಿಯವನು ಹಳೆಯ ಲೆಕ್ಕದಲ್ಲಿ ಇಲ್ಲದವನು. ಮುಳುಗುವುದು ಮತದ ಬೆಲೆ. 2001ರ ಲೆಕ್ಕದ ಮೇಲೆ ಬೆಂಗಳೂರು ನಗರ ಜಿಲ್ಲೆಗೆ 28 ವಿಧಾನಸಭಾ ಸ್ಥಾನಗಳು ಬಂದವು. 2011ರಲ್ಲಿಯೇ ಅಲ್ಲಿಯ ಒಂದೊಂದು ಸ್ಥಾನಕ್ಕೆ ಸರಾಸರಿ 3 ಲಕ್ಷ 44 ಸಾವಿರ ಜನ. ಕರ್ನಾಟಕದ ಉಳಿದ 196 ಸ್ಥಾನಗಳಿಗೆ ಸರಾಸರಿ 2 ಲಕ್ಷ 63 ಸಾವಿರ. ಕುಡಿಯುವ ನೀರಿಗೂ ಇದೇ ಮಾತು. ಬೆಂಗಳೂರಿನ ಮೂರರಲ್ಲೊಂದು ಭಾಗ ಮಾತ್ರ ಕಾವೇರಿಯ ಕೊಳ್ಳದಲ್ಲಿದೆಯೆಂಬ ಕಾರಣದಿಂದ 2007ರ ನ್ಯಾಯಮಂಡಳಿಯ ತೀರ್ಪಿನಲ್ಲಿ ನಗರದ ಉಳಿದ ಜನರ ಬಾಯಾರಿಕೆ ಲೆಕ್ಕಕ್ಕೆ ಬರಲಿಲ್ಲ. 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇಡೀ ನಗರವನ್ನು ಗಣಿಸಿ ಇನ್ನೂ 4.75 ಟಿ.ಎಂ.ಸಿ. ನೀರನ್ನು ಕೊಡಿಸಿತು. ಯಾರು ಲೆಕ್ಕದ ಒಳಗೆ, ಯಾರು ಹೊರಗೆ ಎಂಬ ಗೆರೆ ಹೀಗೆ ಕೊಡದ ನೀರನ್ನೇ ತುಂಬಬಲ್ಲದು, ಬರಿದು ಮಾಡಬಲ್ಲದು.

ಈಗ ಗಡಿಯತ್ತ ಬರೋಣ. ಬೆಂಗಳೂರಿನ ಬೆಳವಣಿಗೆ ಅತ್ತಿಬೆಲೆಯ ಸುಂಕದ ಕಟ್ಟೆಯ ಬಳಿ ನಿಂತು ಅಪ್ಪಣೆ ಕೇಳಲಿಲ್ಲ. ಸುಮಾರು 40 ಕಿಲೋಮೀಟರ್ ದೂರದ ಹೊಸೂರಿನಲ್ಲಿ ಕಾರ್ಖಾನೆಗಳು ಎದ್ದವು. 2001ರಲ್ಲಿ 84 ಸಾವಿರ ಜನರಿದ್ದ ಪಟ್ಟಣ 2011ರಲ್ಲಿ 1 ಲಕ್ಷ 16 ಸಾವಿರವಾಗಿ, 2019ರಲ್ಲಿ ಮಹಾನಗರ ಪಾಲಿಕೆಯೂ ಆಯಿತು. ಬೆಳಗ್ಗೆ ಇತ್ತಣಿಂದ ಅತ್ತ, ಸಂಜೆ ಅತ್ತಣಿಂದ ಇತ್ತ ಜನ ಹರಿಯುತ್ತಾರೆ. ಆದರೂ ಗಣತಿಯ ಪುಸ್ತಕದಲ್ಲಿ ಹೊಸೂರು ಬೆಂಗಳೂರಿನ ನಗರಸಮೂಹಕ್ಕೆ ಸೇರಿಲ್ಲ. ಗಣತಿಯ ಗೆರೆ ರಾಜ್ಯದ ಗಡಿಯಲ್ಲಿ ನಿಲ್ಲುತ್ತದೆ. ಬಾಡಿಗೆಯ ಏರಿಕೆಯೂ ನೀರಿನ ಅಭಾವವೂ ನಿಲ್ಲುವುದಿಲ್ಲ.

ಇದರಿಂದ ನಮ್ಮ ಭಾಷೆಗೆ ಒದಗುವ ಅಪಾಯವನ್ನು ಒಂದು ಲೆಕ್ಕದಿಂದ ವಿವರಿಸುತ್ತೇನೆ. ಒಂದು ತಾಲ್ಲೂಕಿನಲ್ಲಿ ಒಂದು ಲಕ್ಷ ಜನರಿದ್ದು, ಅವರಲ್ಲಿ ಕನ್ನಡಿಗರು 18 ಸಾವಿರವೆಂದು ಇಟ್ಟುಕೊಳ್ಳಿ. ನೂರಕ್ಕೆ 18 ಆಯಿತು. ಕಾರ್ಖಾನೆಗಳು ಬಂದು ಜನಸಂಖ್ಯೆ ಎರಡು ಲಕ್ಷವಾಗಲಿ; ಕನ್ನಡಿಗರೂ 22 ಸಾವಿರವಾಗಲಿ. ಈಗ ಅವರು ನೂರಕ್ಕೆ 11. ಒಬ್ಬ ಕನ್ನಡಿಗನೂ ಊರು ಬಿಡಲಿಲ್ಲ. ನಾಲ್ಕು ಸಾವಿರ ಜನ ಹೆಚ್ಚಾದರು. ಆದರೆ ಕಾಗದದ ಮೇಲೆ ಅವರು ಕುಗ್ಗಿದರು. 1956ರ ಕೇಂದ್ರ ಸರಕಾರದ ಜ್ಞಾಪನಪತ್ರವು, ಅಲ್ಪಸಂಖ್ಯಾತ ಭಾಷಿಕರು ಒಂದು ಜಿಲ್ಲೆಯಲ್ಲಿಯೋ ತಾಲ್ಲೂಕಿನಂಥ ಪ್ರದೇಶದಲ್ಲಿಯೋ ನೂರಕ್ಕೆ 15-20ರಷ್ಟಿದ್ದರೆ ಸರಕಾರಿ ಪ್ರಕಟಣೆಗಳನ್ನು ಅವರ ನುಡಿಯಲ್ಲಿಯೂ ಮುದ್ರಿಸಬೇಕೆಂದು ಹೇಳಿತು. ಹೀಗೆ ಛೇದ ಬೆಳೆದಾಗ, ಅಂಶ ಬೆಳೆದರೂ, ಹಕ್ಕು ಕರಗುತ್ತದೆ. ಭಿನ್ನರಾಶಿಯನ್ನು ಬಲ್ಲ ಐದನೆಯ ತರಗತಿಯ ಬಾಲಕನಿಗೂ ತಿಳಿಯುವ ಈ ಮೋಸ ನಮ್ಮ ಮುಖಂಡರಿಗೆ ತಿಳಿಯದಿರುವುದು ವಿಚಿತ್ರ.

ಇದಕ್ಕೆ ಹೊಸದಾಗಿ ಬಂದವರನ್ನು ಬಯ್ಯುವವರುಂಟು. ಅದು ಅನ್ಯಾಯ. ಹೊಟ್ಟೆಪಾಡಿಗಾಗಿ ಮುಂಬಯಿಗೂ ಪುಣೆಗೂ ಹೋದ ಕನ್ನಡಿಗರೇನು ಕಡಮೆಯೆ? ಬಯ್ಯಬೇಕಾದುದು ಶೇಕಡಾವಾರಿನ ಅಂಧಭಕ್ತಿಯನ್ನು. ಬೆಂಗಳೂರಿನಲ್ಲಿ ಕುಳಿತು "ಕನ್ನಡ ನೂರಕ್ಕೆ ಐವತ್ತೂ ಇಲ್ಲ, ಸತ್ತೇಹೋಯಿತು" ಎಂದು ಗೋಳಾಡುವವನೂ, ಹೊಸೂರಿನಲ್ಲಿ ಕುಳಿತು "ನಿಮ್ಮ ಶೇಕಡಾ ಸಾಲದು, ನಿಮಗೆ ಶಾಲೆಯೇಕೆ?" ಎಂದು ಗದರಿಸುವವನೂ ಮಾಡುವುದು ಒಂದೇ ತಪ್ಪು ಲೆಕ್ಕ. ಬೆಂಗಳೂರಿನಲ್ಲಿ ಕನ್ನಡವನ್ನು ತಾಯ್ನುಡಿಯೆಂದು ಬರೆಸಿದವರು 2011ರಲ್ಲಿ ಅರ್ಧಕ್ಕಿಂತ ಕಡಮೆಯಿದ್ದುದು ನಿಜ. 2001ಕ್ಕಿಂತ ಅವರ ಸಂಖ್ಯೆ ಹೆಚ್ಚಿದ್ದುದೂ ಅಷ್ಟೇ ನಿಜ. ವ್ಯತ್ಯಾಸವಿಷ್ಟೆ: ಅಲ್ಲಿ ಕನ್ನಡಕ್ಕೆ ಸರಕಾರದ ಆಸರೆಯಿದೆ, ಇಲ್ಲಿ ನಮಗೆ ಎಣಿಕೆಯ ಹೊರತು ಬೇರೆ ಆಸರೆಯಿಲ್ಲ.

ಪರಿಹಾರವನ್ನು ಹಿರಿಯರೇ ತೋರಿಸಿಕೊಟ್ಟಿದ್ದಾರೆ. 1949ರಲ್ಲಿ ಪ್ರಾಂತಗಳ ವಿದ್ಯಾಮಂತ್ರಿಗಳು ಸೇರಿ ಮಾಡಿದ ನಿರ್ಣಯದಲ್ಲಿ ಶೇಕಡಾ ಎಂಬ ಮಾತಿಲ್ಲ: ಶಾಲೆಯಲ್ಲಿ 40 ಮಕ್ಕಳೋ ತರಗತಿಯಲ್ಲಿ 10 ಮಕ್ಕಳೋ ಇದ್ದರೆ, ಅವರ ಮಾತೃಭಾಷೆಯಲ್ಲಿ ಕಲಿಸಲು ಒಬ್ಬ ಉಪಾಧ್ಯಾಯನನ್ನು ಕೊಡತಕ್ಕದ್ದು. ಊರಿಗೆ ಹತ್ತು ಸಾವಿರ ಜನ ಬರಲಿ, ಹತ್ತು ಲಕ್ಷ ಬರಲಿ, ಆ ಹತ್ತು ಮಕ್ಕಳು ಹತ್ತೇ ಆಗಿ ಉಳಿಯುತ್ತಾರೆ. ಸಂವಿಧಾನದ 350ಎ ವಿಧಿಯೂ ಮಗುವಿನ ಮಾತೃಭಾಷೆಯನ್ನು ನೋಡುತ್ತದೆಯೇ ಹೊರತು ತಾಲ್ಲೂಕಿನ ಶೇಕಡಾವನ್ನು ಕೇಳುವುದಿಲ್ಲ. ಬೆಳೆಯುತ್ತಿರುವ ನಗರಗಳ ಅಂಚಿನಲ್ಲಿ ಭಾಷಾ ಅಲ್ಪಸಂಖ್ಯಾತರ ಎಲ್ಲ ಹಕ್ಕುಗಳನ್ನೂ ತಲೆಯ ಲೆಕ್ಕದಿಂದಲೇ ಅಳೆಯಬೇಕು, ಶೇಕಡಾ ಲೆಕ್ಕದಿಂದಲ್ಲ. ಇದೇ ನಮ್ಮ ಬೇಡಿಕೆಯಾಗಬೇಕು.

ಆದರೆ ತಲೆಯ ಲೆಕ್ಕವನ್ನು ಕೇಳುವವನು ತನ್ನ ತಲೆಯನ್ನು ಎಣಿಸಿಕೊಡಬೇಕಷ್ಟೆ. ಇಲ್ಲಿ ನಮ್ಮವರ ತಪ್ಪನ್ನೂ ಮರೆಮಾಚಲಾರೆ. ಗಣತಿದಾರನು ಬಾಗಿಲಿಗೆ ಬಂದಾಗ "ಏನಾದರೂ ಬರೆದುಕೊಳ್ಳಿ ಸ್ವಾಮಿ" ಎಂದು ಒಳಗೆ ಹೋಗುವ ಗೃಹಸ್ಥರು ನಮ್ಮಲ್ಲಿ ಎಷ್ಟು ಮಂದಿ! ಮನೆಯ ಯಜಮಾನನ ಹೆಸರಿನ ಮುಂದೆ ಬರೆದ ಭಾಷೆಯನ್ನೇ ಕೆಳಗಿನ ಎಲ್ಲರಿಗೂ ಎಳೆದುಬಿಟ್ಟರೆ ಅದನ್ನು ಓದಿ ನೋಡುವವರು ಯಾರು? ತಾಯ್ನುಡಿಯೆಂದರೆ ಎಳೆತನದಲ್ಲಿ ತಾಯಿ ಆಡಿದ ನುಡಿಯೆಂದೂ, ಹೇಳಿದವರು ಹೇಳಿದಂತೆಯೇ ಬರೆಯಬೇಕೆಂದೂ ಗಣತಿಯ ಸೂಚನೆಯಲ್ಲಿಯೇ ಇದೆ. ಬಲ್ಲ ಬೇರೆ ಭಾಷೆಗಳಿಗೆ 2011ರ ನಮೂನೆಯಲ್ಲಿ ಬೇರೆ ಕಲಮೇ ಇತ್ತು.

ಸಂಖ್ಯೆಯನ್ನು ಉಬ್ಬಿಸಿರೆಂದು ನಾನು ಹೇಳುವುದಿಲ್ಲ. ಸುಳ್ಳು ಉತ್ತರಕ್ಕೆ 1948ರ ಜನಗಣತಿ ಶಾಸನದಲ್ಲಿ ದಂಡನೆಯುಂಟು. ಅದಕ್ಕಿಂತ ಹೆಚ್ಚಾಗಿ, ತೆಲುಗು ಮನೆಯವರನ್ನೋ ತಮಿಳು ಮನೆಯವರನ್ನೋ ಕನ್ನಡದವರೆಂದು ಬರೆಸಿದರೆ, ನಾವು ಖಂಡಿಸುವ ಮೋಸವನ್ನೇ ನಾವು ಮಾಡಿದಂತಾಗುತ್ತದೆ. ಇರುವಷ್ಟನ್ನು ಇರುವಂತೆ ಬರೆಸಿದರೆ ಸಾಕು.

ಉಪಾಧ್ಯಾಯ ಬಂಧುಗಳೆ, ಗಣತಿಯ ಹೊತ್ತಗೆಯನ್ನು ಹಿಡಿದು ಬಿಸಿಲಿನಲ್ಲಿ ಮನೆಮನೆ ತಿರುಗುವವರಲ್ಲಿ ನೀವೂ ಇರುತ್ತೀರಿ. ಪ್ರತಿಯೊಬ್ಬರ ತಾಯ್ನುಡಿಯನ್ನೂ ಬೇರೆಬೇರೆಯಾಗಿ ಕೇಳಿ ಬರೆಯಿರಿ. ಯಾವ ಭಾಷೆಯವರಾದರೂ ಸರಿಯೆ. ವಿದ್ಯಾರ್ಥಿಗಳೆ, ಗಣತಿದಾರನು ಬಂದ ದಿನ ನಿಮ್ಮ ಅಜ್ಜಿಯ ಪಕ್ಕದಲ್ಲಿ ನಿಂತು, ಅವರು ಹೇಳಿದುದನ್ನೇ ಬರೆದುಕೊಂಡರೆ ಎಂದು ನೋಡಿರಿ. ಮಹಾನಗರವು ಬೆಳೆಯುವುದನ್ನು ತಡೆಯಲು ನಮ್ಮಿಂದಾಗದು. ಆ ಬೆಳವಣಿಗೆಯ ಲೆಕ್ಕದಲ್ಲಿ ನಾವು ಅಳಿಸಿಹೋಗದಂತೆ ನೋಡಿಕೊಳ್ಳುವುದು ಖಂಡಿತವಾಗಿಯೂ ನಮ್ಮಿಂದಾಗುತ್ತದೆ.